ಫಾರ್ಮ್ಯಾಟ್ ಹೊಡೆಸುವ ಮುನ್ನ ಇಷ್ಟು ನೋಡಿಕೊಳ್ಳಿ

ಸಂಪಾದಕರಿಗೆ,

ಮಾನ್ಯರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಮನೆಯ ಹಳೆ ಕಂಪ್ಯೂಟರ್ ಹಿಡಿದು ಅಂಗಡಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಎರಡೇ ಉತ್ತರ. ‘ಇದಕ್ಕೆ ವಿಂಡೋಸ್ ಹನ್ನೊಂದು ಬರಲ್ಲ ಸಾರ್, ಹೊಸದು ತಗೊಳ್ಳಿ’ ಎನ್ನುವುದು ಒಂದು. ‘ಬಿಟ್ಟು ಹೋಗಿ, ಫಾರ್ಮ್ಯಾಟ್ ಹೊಡೆದು ಹಾಕಿಡ್ತೀವಿ, ಸಂಜೆ ಬನ್ನಿ’ ಎನ್ನುವುದು ಇನ್ನೊಂದು. ಮೊದಲನೆಯದು ಎಷ್ಟೋ ಯಂತ್ರಗಳ ವಿಷಯದಲ್ಲಿ ಸುಳ್ಳು. ಎರಡನೆಯದು, ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು, ಅಂಗಡಿಯವರಿಗೆ ಸುಲಭ, ನಿಮಗೆ ದುಬಾರಿ. ಅಸಲಿ ಲೈಸೆನ್ಸ್ ಇರುವ 64 ಬಿಟ್ ವಿಂಡೋಸ್ 10ರ ಮೇಲೆಯೇ 11ನ್ನು ದುಡ್ಡಿಲ್ಲದೆ ಕೂರಿಸಬಹುದು. ಹಾಗೆ ಮಾಡಿದರೆ ಫೈಲು, ಪ್ರೋಗ್ರಾಂ, ಫಾಂಟು ಎಲ್ಲ ಇದ್ದಲ್ಲೇ ಉಳಿಯುತ್ತವೆ. ಫಾರ್ಮ್ಯಾಟ್ ಕೊನೆಯ ದಾರಿಯಾಗಿರಬೇಕು. ಅದೇ ಮೊದಲ ದಾರಿಯಾಗಿರುವುದರಿಂದ ಈ ಪತ್ರ.

ಮೊದಲು ಪ್ರೊಸೆಸರ್ ಯಾವುದೆಂದು ನೋಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸಿಸ್ಟಮ್’ ಒತ್ತಿದರೆ ಹೆಸರು ಕಾಣುತ್ತದೆ. ಇಂಟೆಲ್ ಆದರೆ ಅಡ್ಡಗೆರೆಯ ನಂತರದ ಅಂಕಿಯೇ ತಲೆಮಾರು: ಐ5-7200ಯು ಏಳನೆಯದು, ಐ5-8250ಯು ಎಂಟನೆಯದು, ಐ5-10210ಯು ಹತ್ತನೆಯದು. ಎಂಟು ಮತ್ತು ಅದರ ಮೇಲಿನವು 11ಕ್ಕೆ ಅರ್ಹ. ಏಳರಲ್ಲಿ ಬೆರಳೆಣಿಕೆಯ ಮಾದರಿಗಳಿಗೆ ಮಾತ್ರ ವಿನಾಯಿತಿ ಇದೆ, ಮನೆ ಕಂಪ್ಯೂಟರಿನಲ್ಲಿ ಅವು ಸಿಗುವುದು ಅಪರೂಪ. ಎಎಂಡಿ ವಿಚಾರದಲ್ಲಿ ಹೆಸರು ನಂಬಿ ಮೋಸಹೋಗಬಾರದು. ರೈಜನ್ 2600, 2700 ಪಟ್ಟಿಯಲ್ಲಿವೆ. ಅಸೆಂಬಲ್ ಮಾಡಿಸಿದ ಅಗ್ಗದ ಯಂತ್ರಗಳಲ್ಲಿ ಬಹಳ ಓಡಿದ 2200ಜಿ, 2400ಜಿ ಇಲ್ಲ, ಯಾಕೆಂದರೆ ಹೆಸರು ಎರಡು ಸಾವಿರದ್ದಾದರೂ ಒಳಗಿನ ವಿನ್ಯಾಸ ಹಿಂದಿನದು. ಸಂಶಯವಿದ್ದರೆ ಮೈಕ್ರೋಸಾಫ್ಟಿನ ಉಚಿತ ‘ಪಿಸಿ ಹೆಲ್ತ್ ಚೆಕ್’ ಹಾಕಿಕೊಂಡು ಓಡಿಸಿ. ಉಳಿದ ಕನಿಷ್ಠ ಅಗತ್ಯಗಳು 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 (ಭದ್ರತಾ ಕೀಗಳನ್ನು ಕಾಪಾಡುವ ಸೌಲಭ್ಯ), ಯುಇಎಫ್ಐ (ಯಂತ್ರವನ್ನು ಎಬ್ಬಿಸುವ ಹೊಸ ಪದ್ಧತಿ) ಮತ್ತು ಸೆಕ್ಯೂರ್ ಬೂಟ್ (ಎಬ್ಬಿಸುವಾಗ ಅಸಲಿ ತಂತ್ರಾಂಶವನ್ನಷ್ಟೇ ಬಿಡುವ ಕಾವಲು). 4 ಜಿಬಿ ಎಂಬುದು ಕಾಗದದ ಮೇಲಿನ ಮಾತು. ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ, 8 ಜಿಬಿ ಬೇಕೇ ಬೇಕು.

‘ಇದಕ್ಕೆ ಬರಲ್ಲ’ ಎಂದು ತಿರಸ್ಕಾರವಾಗುವ ಯಂತ್ರಗಳು ಹೆಚ್ಚಾಗಿ ಸಿಕ್ಕಿಬೀಳುವುದು ಟಿಪಿಎಂ ಬಳಿ. ಎಂಟನೇ ತಲೆಮಾರಿನ ಪ್ರೊಸೆಸರ್ ಇರುತ್ತದೆ, ಹೆಲ್ತ್ ಚೆಕ್ ಮಾತ್ರ ‘ಟಿಪಿಎಂ ಇಲ್ಲ’ ಅನ್ನುತ್ತದೆ. ಬೇರೆ ಚಿಪ್ ಕೊಳ್ಳಬೇಕಿಲ್ಲ, ಆ ಸೌಲಭ್ಯ ಪ್ರೊಸೆಸರ್-ಬೋರ್ಡ್ ಜೋಡಿಯೊಳಗೇ ಇದೆ, ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡಿನ ಸೆಟ್ಟಿಂಗ್‌ನಲ್ಲಿ) ಆಫ್ ಆಗಿದೆ ಅಷ್ಟೆ. ಎಚ್310, ಬಿ360 ತರಹದ ಅಸೆಂಬಲ್ ಬೋರ್ಡುಗಳಲ್ಲಿ ಇದು ಮಾಮೂಲು. ಯಂತ್ರ ಆನ್ ಆಗುವಾಗ ಡೆಸ್ಕ್‌ಟಾಪಿನಲ್ಲಿ ಡಿಲೀಟ್, ಬಹುತೇಕ ಲ್ಯಾಪ್‌ಟಾಪಿನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ ಒಳಗೆ ಹೋಗಿ. ಇಂಟೆಲ್ ಬೋರ್ಡಿನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಎಂಬುದನ್ನು ಹುಡುಕಿ ಆನ್ ಮಾಡಿ. ಆಮೇಲೆ ವಿಂಡೋಸ್‌ನಲ್ಲಿ ರನ್ ತೆರೆದು ‘ಟಿಪಿಎಂ.ಎಂಎಸ್‌ಸಿ’ ಕೊಟ್ಟರೆ ಆವೃತ್ತಿ 2.0 ಎಂದು ತೋರಿಸಬೇಕು.

ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನಲ್ಲಿರುವುದಕ್ಕೆ ಬೀಗ ಹಾಕುವ ಸೌಲಭ್ಯ) ಆನ್ ಇದೆಯೇ ನೋಡಿ. ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಟಿಪಿಎಂ ಬದಲಾದ ತಕ್ಷಣ ಯಂತ್ರ ಆ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲೂ ಕೀ ಉಳಿದಿರುತ್ತದೆ ನಿಜ, ಆದರೆ ಅಂಗಡಿಯ ಹುಡುಗ ತನ್ನ ಇಮೇಲ್ ಹಾಕಿ ಖಾತೆ ತೆರೆದುಕೊಟ್ಟ ಲ್ಯಾಪ್‌ಟಾಪ್ ಆದರೆ ಆ ಕೀ ನಿಮ್ಮ ಕೈಗೆ ಸಿಗುವುದಿಲ್ಲ. ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದನ್ನು ಯಾರೂ ತೆಗೆದುಕೊಡಲಾರರು. ಬಯಾಸ್ ಅಪ್‌ಡೇಟ್ ಕೂಡ ಹಾಕಬೇಕಾಗಿ ಬಂದರೆ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಿಗೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿರಲಿ.

ಇನ್ನೊಂದು ಗಂಟು ಲೆಗಸಿ ಬೂಟ್, ಅಂದರೆ ಯುಇಎಫ್ಐಗೆ ಮುಂಚಿನ ಹಳೆ ಪದ್ಧತಿ. ರನ್‌ನಲ್ಲಿ ‘ಎಂಎಸ್‌ಇನ್ಫೋ32’ ಕೊಟ್ಟು ‘ಬಯಾಸ್ ಮೋಡ್’ ಸಾಲು ಓದಿ. ‘ಲೆಗಸಿ’ ಎಂದಿದ್ದರೆ ನಿಮ್ಮ ಡಿಸ್ಕಿನ ಹೋಳುಗಳ ಪಟ್ಟಿ ಎಂಬಿಆರ್ ಎಂಬ ಹಳೆ ಪದ್ಧತಿಯಲ್ಲಿದೆ, ಅದನ್ನು ಯುಇಎಫ್ಐಗೆ ಬೇಕಾದ ಜಿಪಿಟಿ ಪದ್ಧತಿಗೆ ಬದಲಿಸಬೇಕು. ಅಂಗಡಿಗಳು ಫಾರ್ಮ್ಯಾಟ್ ಅನ್ನುವುದು ಇಲ್ಲೇ. ವಿಂಡೋಸ್ 10ರ ಒಳಗೇ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣ ಇದೆ, ಡೇಟಾ ಅಳಿಸದೆ ಈ ಕೆಲಸ ಮಾಡುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲು ‘ವ್ಯಾಲಿಡೇಟ್’ ಮತ್ತು ‘ಅಲೋಫುಲ್‌ಓಎಸ್’ ಸ್ವಿಚ್‌ಗಳ ಜೊತೆ ಓಡಿಸಿ. ಅದು ಬರೀ ಪರೀಕ್ಷೆ, ಏನನ್ನೂ ಬದಲಿಸುವುದಿಲ್ಲ. ಪಾಸಾದರೆ ವ್ಯಾಲಿಡೇಟ್ ಜಾಗದಲ್ಲಿ ‘ಕನ್ವರ್ಟ್’ ಕೊಡಿ.

ನಮ್ಮ ಕಡೆಯ ಯಂತ್ರಗಳಲ್ಲಿ ಈ ಪರೀಕ್ಷೆ ಫೇಲಾಗುವುದಕ್ಕೆ ಒಂದು ಖಾಯಂ ಕಾರಣ ಇದೆ. ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ಹೋಳು ಮಾಡಿಸುವುದು ನಮಗೆ ರೂಢಿ. ಜಿಪಿಟಿಗೆ ಬದಲಾಗಬೇಕಾದರೆ ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಪಾರ್ಟಿಷನ್ ಇರಲೇಬಾರದು. ವಿಂಡೋಸ್ ತಾನೇ ಮಾಡಿಕೊಂಡ ‘ಸಿಸ್ಟಮ್ ರಿಸರ್ವ್ಡ್’ ಕೂಡ ಲೆಕ್ಕಕ್ಕೆ ಬರುವುದರಿಂದ ಸಿ ಮತ್ತು ಡಿ ಸೇರಿ ಅಲ್ಲಿಗೇ ಮೂರಾಯಿತು. ಇ, ಎಫ್‌ನಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಂಡು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಹೋಳುಗಳನ್ನು ಅಳಿಸಿ ಮತ್ತೆ ವ್ಯಾಲಿಡೇಟ್ ಮಾಡಿ. ಜಿಪಿಟಿ ಆದ ಮೇಲೆ ಎಷ್ಟು ಬೇಕಾದರೂ ಹೋಳು ಮಾಡಿಕೊಳ್ಳಬಹುದು. ಪರಿವರ್ತನೆ ಮುಗಿದಾಗ ‘ರೀಏಜೆಂಟ್’ (ವಿಂಡೋಸ್ ದುರಸ್ತಿ ವ್ಯವಸ್ಥೆಯ ಫೈಲು) ಅಪ್‌ಡೇಟ್ ಆಗಲಿಲ್ಲ ಎಂಬ ಸಾಲು ಕಂಡರೆ ಗಾಬರಿ ಬೇಡ, ‘ರೀಏಜೆಂಟ್‌ಸಿ’ ಕಮಾಂಡಿನಿಂದ ಅದನ್ನು ಒಮ್ಮೆ ಡಿಸೇಬಲ್, ಒಮ್ಮೆ ಎನೇಬಲ್ ಮಾಡಿದರೆ ಸರಿಹೋಗುತ್ತದೆ. ಡಿಸ್ಕ್ ಜಿಪಿಟಿ ಆದ ನಂತರವೇ ಬಯಾಸಿನಲ್ಲಿ ಲೆಗಸಿ ಅಥವಾ ಸಿಎಸ್‌ಎಂ ತೆಗೆದು ಯುಇಎಫ್ಐ ಮಾಡಬೇಕು. ಈ ಕ್ರಮ ತಿರುವು-ಮುರುವಾದರೆ ‘ಬೂಟ್ ಡಿವೈಸ್ ಇಲ್ಲ’ ಎಂದು ಕಪ್ಪು ಪರದೆ ಬರುತ್ತದೆ. ಜನ ಡಿಸ್ಕ್ ಹೋಯಿತೆಂದು ಹೆದರಿ ಫಾರ್ಮ್ಯಾಟಿಗೆ ಓಡುತ್ತಾರೆ. ವಾಪಸ್ ಲೆಗಸಿಗೆ ಇಟ್ಟರೆ ಸಾಕು, ಹಳೆಯ ವಿಂಡೋಸ್ ಎದ್ದುಬರುತ್ತದೆ.

ಡಿಸ್ಕಿನ ಆರೋಗ್ಯವನ್ನು ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಎಂಬ ತಂತ್ರಾಂಶದಲ್ಲಿ ನೋಡಿಕೊಳ್ಳಿ. ಹಳದಿ ‘ಕಾಷನ್’ ಇದ್ದು, ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ (ಡಿಸ್ಕಿನಲ್ಲಿ ಕೆಟ್ಟ ಅಥವಾ ಕೆಡುತ್ತಿರುವ ಜಾಗದ ಲೆಕ್ಕ) ಎದುರು ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ಅದರ ಮೇಲೆ ಅಪ್‌ಗ್ರೇಡ್ ಮಾಡುವುದು ಹುಚ್ಚುತನ. ಅಪ್‌ಗ್ರೇಡ್ ಹೊತ್ತಿನಲ್ಲಿ ಹತ್ತಾರು ಜಿಬಿ ಬರೆದು ಓದುವ ಕೆಲಸ ಇರುತ್ತದೆ, ಸಾಯುವ ಡಿಸ್ಕ್ ಆಗಲೇ ಸಾಯುತ್ತದೆ. ಆರೋಗ್ಯವಾಗಿದ್ದರೂ ತಿರುಗುವ ಹಾರ್ಡ್ ಡಿಸ್ಕ್ ಮೇಲೆ 11 ತೆವಳುತ್ತದೆ. ಮನೆ ಕಂಪ್ಯೂಟರಿಗೆ ಮೊದಲು ಖರ್ಚು ಮಾಡಬೇಕಾದ್ದು ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ಆಮೇಲೆ ರ‍್ಯಾಮ್‌ಗೆ. ಡೆಸ್ಕ್‌ಟಾಪಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೊಳ್ಳುವಾಗ ಡೇಟಾ ಕೇಬಲ್ ಜೊತೆಗೆ ಬರುವುದಿಲ್ಲ, ಕೇಳಿ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಎಂ.2 ಸ್ಲಾಟ್ ಇದ್ದರೆ ಅದು ಸಾಟಾ ಮಾತ್ರ ಒಪ್ಪುತ್ತದೋ ಎನ್‌ವಿಎಂಇ ಒಪ್ಪುತ್ತದೋ ಎಂದು ಮಾದರಿಯ ಕೈಪಿಡಿಯಲ್ಲಿ ನೋಡಿ. ಕಾರ್ಡ್ ಒಳಗೆ ಕೂರುವುದಕ್ಕೂ ಕೆಲಸ ಮಾಡುವುದಕ್ಕೂ ಸಂಬಂಧವಿಲ್ಲ. ರ‍್ಯಾಮ್ ಸ್ಲಾಟ್ ಖಾಲಿ ಇದೆಯೇ ಎಂಬುದನ್ನು ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟವೇ ಹೇಳುತ್ತದೆ, ಯಂತ್ರ ಬಿಚ್ಚಬೇಕಿಲ್ಲ.

ಹಳೆ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ (ಯಥಾವತ್ ನಕಲು) ಮಾಡುವುದಾದರೆ ದೊಡ್ಡದರಿಂದ ಚಿಕ್ಕದಕ್ಕೆ ಹೋಗುವ ಮುನ್ನ ಪಾರ್ಟಿಷನ್ನುಗಳನ್ನು ಎಸ್‌ಎಸ್‌ಡಿ ಅಳತೆಗೆ ಕುಗ್ಗಿಸಿಕೊಳ್ಳಿ. ಕ್ಲೋನ್ ಆದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೆ ಡಿಸ್ಕಿನ ಕೇಬಲ್ ಕಿತ್ತಿಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಯಾವುದರಿಂದ ಬೂಟ್ ಆಯಿತೆಂದು ತಿಳಿಯದೆ ಗೊಂದಲವಾಗುತ್ತದೆ.

ಇನ್ನು ಕನ್ನಡದ ಫೈಲುಗಳು. ಫಾರ್ಮ್ಯಾಟಿನಲ್ಲಿ ನಮ್ಮವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ, ಕಳೆದದ್ದು ಗೊತ್ತಾಗುವುದು ತಿಂಗಳುಗಳ ನಂತರ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ದಾಖಲೆಯೊಳಗೆ ಕನ್ನಡ ಅಕ್ಷರಗಳೇ ಇಲ್ಲ. ಇರುವುದು ಇಂಗ್ಲಿಷ್ ಕೋಷ್ಟಕದ ಸಂಕೇತಗಳು, ಅವಕ್ಕೆ ಕನ್ನಡದ ಆಕಾರ ಕೊಡುವುದು ಫಾಂಟ್. ಫಾಂಟ್ ಹೋದರೆ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದದ ‘ನ’ ಇದ್ದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆಯೂ ತಲೆಯ ಮೇಲೆ ಗೀಟಿರುವ ‘ಎ’ಯೂ ಕಾಣುತ್ತವೆ. ಪತ್ರ, ಕರಾರು, ಮದುವೆ ಕರೆಯೋಲೆ, ಸಂಘದ ನಡಾವಳಿ ಎಲ್ಲ ಹಾಗೇ. ಫೈಲ್ ಕೆಟ್ಟಿದೆ ಎಂದುಕೊಂಡು ಅಳಿಸಿಬಿಡುವವರೂ ಇದ್ದಾರೆ. ಅದು ಕೆಟ್ಟಿಲ್ಲ, ‘ನುಡಿ 01 ಇ’ ಥರದ ಆ ಫಾಂಟನ್ನು ಮತ್ತೆ ಹಾಕಿದರೆ ಸರಿಯಾಗಿ ಕಾಣುತ್ತದೆ. ಆದ್ದರಿಂದ ಬ್ಯಾಕಪ್ ತೆಗೆಯುವಾಗ ಡಾಕ್ಯುಮೆಂಟ್ಸ್ ಜೊತೆಗೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಡಿಟಿಪಿಯವರು ಹಾರ್ಡ್‌ವೇರ್ ಲಾಕ್ ಬಳಸುತ್ತಿದ್ದರೆ ಅದಕ್ಕೆ 11ರಲ್ಲಿ ಓಡುವ 64 ಬಿಟ್ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಹೊಸ ಯಂತ್ರಕ್ಕೆ ಹೋಗುವ ನೆಪದಲ್ಲಾದರೂ ಹಳೆ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಸಂಕೇತ ಪದ್ಧತಿಗೆ, ಬದಲಿಸಿಕೊಳ್ಳುವುದು ಒಳ್ಳೆಯದು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತನೆ ಪ್ರತಿಯ ಮೇಲೆ ಮಾಡಿ, ಮೂಲವನ್ನು ಹಾಗೇ ಬಿಡಿ. ನಡುನಡುವೆ ಇಂಗ್ಲಿಷ್ ಇರುವ ದಾಖಲೆಯನ್ನು ಇಡಿಯಾಗಿ ಪರಿವರ್ತಕಕ್ಕೆ ಹಾಕಿದರೆ ಆ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಆ ಭಾಗ ಬಿಟ್ಟು ತುಂಡುತುಂಡಾಗಿ ಮಾಡಬೇಕು. ಅರ್ಕಾವತ್ತು, ಮೂರು ವ್ಯಂಜನದ ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ವಿಂಡೋಸ್ 11ರಲ್ಲಿ ಹೊಸದಾಗಿ ಟೈಪ್ ಮಾಡಲು ಬೇರೆ ತಂತ್ರಾಂಶವೇ ಬೇಡ. ಸೆಟ್ಟಿಂಗ್ಸ್‌ನ ಲಾಂಗ್ವೇಜ್ ಪುಟದಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಎರಡೂ ಕೀಬೋರ್ಡ್ ಸಿಗುತ್ತವೆ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಬದಲಿಸಬಹುದು. ಹಳೆ ದಾಖಲೆಗಳ ‘ತುಂಗಾ’ ಫಾಂಟ್ ಈಗ ತಾನಾಗಿ ಬರುವುದಿಲ್ಲ, ಆಪ್ಷನಲ್ ಫೀಚರ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹಾಕಿಕೊಳ್ಳಬೇಕು. ಹಾಕದಿದ್ದರೆ ಅದೇ ಪತ್ರ ‘ನಿರ್ಮಲಾ’ ಫಾಂಟಿನಲ್ಲಿ ತೆರೆದು ಪುಟಗಳ ಲೆಕ್ಕ ಏರುಪೇರಾಗುತ್ತದೆ.

ಬ್ಯಾಕಪ್ ಬಗ್ಗೆ ಇನ್ನೆರಡು ಮಾತು. ಒನ್‌ಡ್ರೈವ್ ಆನ್ ಇರುವ ಯಂತ್ರಗಳಲ್ಲಿ ಡೆಸ್ಕ್‌ಟಾಪ್ ಫೋಲ್ಡರ್ ಅದರೊಳಗೆ ಸರಿದಿರುತ್ತದೆ, ಮೋಡದ ಗುರುತಿರುವ ಫೈಲುಗಳು ಡಿಸ್ಕಿನಲ್ಲಿ ಇರುವುದೇ ಇಲ್ಲ. ಅವನ್ನು ಮೊದಲು ‘ಯಾವಾಗಲೂ ಈ ಯಂತ್ರದಲ್ಲಿ ಇಡು’ ಎಂಬ ಆಯ್ಕೆ ಕೊಟ್ಟು ಇಳಿಸಿಕೊಳ್ಳಿ. ಉಚಿತ ಜಾಗ 5 ಜಿಬಿ ಮಾತ್ರ, ಮನೆಯ ಫೋಟೊಗಳಿಗೇ ಅದು ಸಾಲದು. ಟ್ಯಾಲಿ ಇಟ್ಟುಕೊಂಡವರು ಡೇಟಾ ಫೋಲ್ಡರ್ ನಕಲು ಮಾಡುವುದಲ್ಲದೆ, ಫಾರ್ಮ್ಯಾಟ್ ಅಥವಾ ಡಿಸ್ಕ್ ಬದಲಾವಣೆ ಇದ್ದರೆ ಲೈಸೆನ್ಸನ್ನು ಮೊದಲೇ ‘ಸರೆಂಡರ್’ ಮಾಡಬೇಕು. ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಬಳಸುವವರು ಅದರ ಡ್ರೈವರನ್ನೂ, ಸಹಿ ಮಾಡಿಸುವ ಯುಟಿಲಿಟಿಯನ್ನೂ ಪೆನ್‌ಡ್ರೈವಿನಲ್ಲಿಟ್ಟುಕೊಳ್ಳಿ. ರಿಟರ್ನ್ ಸಲ್ಲಿಸುವ ಕೊನೆಯ ವಾರದಲ್ಲಿ ಅಪ್‌ಗ್ರೇಡ್ ಇಟ್ಟುಕೊಳ್ಳಬೇಡಿ.

ಅಪ್‌ಗ್ರೇಡ್ ಮಾಡಲು ಮೈಕ್ರೋಸಾಫ್ಟಿನ ತಾಣದಿಂದ ಐಎಸ್‌ಓ ಫೈಲ್ (ವಿಂಡೋಸ್ 11ರ ಇಡೀ ಡಿಸ್ಕ್ ಪ್ರತಿ) ಇಳಿಸಿಕೊಂಡು, ಡಬಲ್ ಕ್ಲಿಕ್ ಮಾಡಿ, ಒಳಗಿನ ‘ಸೆಟಪ್’ ಓಡಿಸುವುದು ನಮ್ಮ ಅನುಭವದಲ್ಲಿ ಹೆಚ್ಚು ನೆಚ್ಚಬಹುದಾದ ದಾರಿ. ಫೈಲ್ 5 ಜಿಬಿ ಮೀರುತ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನ ಹಾಟ್‌ಸ್ಪಾಟ್ ಸಾಲದು. ಸಿ ಡ್ರೈವಿನಲ್ಲಿ 30 ಜಿಬಿಯಾದರೂ ಖಾಲಿ ಇರಲಿ. ಪ್ರಿಂಟರ್, ಪೆನ್‌ಡ್ರೈವ್, ಡಾಂಗಲ್ ಎಲ್ಲ ಕಿತ್ತಿಡಿ, ಬೇರೆ ಕಂಪನಿಯ ಆಂಟಿವೈರಸ್ ತೆಗೆದುಹಾಕಿ. ‘ವೈಯಕ್ತಿಕ ಫೈಲು ಮತ್ತು ಆ್ಯಪ್‌ಗಳನ್ನು ಉಳಿಸಿಕೋ’ ಎಂಬ ಆಯ್ಕೆ ಗುರುತಾಗಿದೆಯೇ ನೋಡಿಯೇ ಮುಂದೆ ಒತ್ತಿ. ಆ ಆಯ್ಕೆ ಮಂಕಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಸಾಮಾನ್ಯ ಕಾರಣ ಭಾಷೆ: ಯಂತ್ರದಲ್ಲಿರುವುದು ಅಮೆರಿಕದ ಇಂಗ್ಲಿಷ್, ಇಳಿಸಿದ್ದು ‘ಇಂಗ್ಲಿಷ್ ಇಂಟರ್‌ನ್ಯಾಷನಲ್’, ಅಥವಾ ಇದರ ತಿರುಗು. ಸರಿಯಾದ ಭಾಷೆಯ ಐಎಸ್‌ಓ ಇಳಿಸಿದರೆ ಆಯ್ಕೆ ಜೀವ ಪಡೆಯುತ್ತದೆ. 32 ಬಿಟ್ ವಿಂಡೋಸ್ 10 ಇದ್ದವರಿಗೆ ಮಾತ್ರ ಈ ದಾರಿ ಇಲ್ಲ. 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲದ್ದರಿಂದ ಅವರು ಹೊಸದಾಗಿಯೇ ಹಾಕಬೇಕು.

ನಡುವೆ ನಿಂತು ತಾನೇ ಹಿಂದಕ್ಕೆ ಬಂದು 0ಎಕ್ಸ್‌ಸಿ1900101 ಎಂಬ ಸಂಖ್ಯೆಯಿಂದ ಶುರುವಾಗುವ ದೋಷ ತೋರಿಸಿದರೆ ಬಹುಪಾಲು ಯಾವುದೋ ಡ್ರೈವರಿನ ತಂಟೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಡಿಸ್‌ಪ್ಲೇ, ವೈಫೈ, ಸ್ಟೋರೇಜ್ ಡ್ರೈವರ್ ಹೊಸತು ಮಾಡಿ ಮತ್ತೆ ಯತ್ನಿಸಿ. ಎಲ್ಲ ಸರಿಯಾಗಿ ಕೂತ ಮೇಲೂ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಹಳೆಯದಕ್ಕೆ ಮರಳಬಹುದು. ಜಾಗ ಸಾಲದೆಂದು ‘ವಿಂಡೋಸ್.ಓಲ್ಡ್’ ಅಳಿಸಿದರೆ ಆ ಬಾಗಿಲು ಮುಚ್ಚುತ್ತದೆ. ಆ ಹತ್ತು ದಿನದಲ್ಲಿ ಪ್ರಿಂಟರ್, ಸ್ಕ್ಯಾನರ್, ಟೋಕನ್, ಟ್ಯಾಲಿ, ಹಳೆ ಕನ್ನಡ ಫೈಲು ಎಲ್ಲವನ್ನೂ ಒಮ್ಮೆ ಬಳಸಿ ನೋಡಿ.

ಏಳನೇ ತಲೆಮಾರು ಅಥವಾ ಅದಕ್ಕಿಂತ ಹಳೆಯದು ಇದ್ದವರು ಏನು ಮಾಡಬೇಕು? ಮೊದಲು, ಮೈಕ್ರೋಸಾಫ್ಟ್ ಘೋಷಿಸಿದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಳ್ಳಿ. ಇದರ ಗಡುವು 2026ರ ಅಕ್ಟೋಬರ್ 13. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಎನ್‌ರೋಲ್’ ಕಾಣುತ್ತದೆ. 30 ಡಾಲರ್ ಕೊಡಬೇಕೆಂದೇ ಹಲವರು ತಿಳಿದಿದ್ದಾರೆ. ಸೆಟ್ಟಿಂಗ್ಸ್ ಸಿಂಕ್ ಮಾಡಲು ಒಪ್ಪಿದರೆ ಕಾಸು ಕೊಡದೆಯೇ ಸೇರಬಹುದು, 1000 ರಿವಾರ್ಡ್ಸ್ ಪಾಯಿಂಟ್ ಕೊಟ್ಟೂ ಸೇರಬಹುದು.

ಟಿಪಿಎಂ ಮತ್ತು ಪ್ರೊಸೆಸರ್ ತಪಾಸಣೆಯನ್ನು ದಾಟಿಸಿ, ‘ರೂಫಸ್’ ಎಂಬ ತಂತ್ರಾಂಶದಲ್ಲಿ ತಯಾರಿಸಿದ ಪೆನ್‌ಡ್ರೈವಿನಿಂದ 11 ಹಾಕಿಕೊಡುವ ಅಂಗಡಿಗಳೂ ಇವೆ. ಹಾಕಲು ಬರುತ್ತದೆ, ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರದೆ ಪ್ರತಿಸಲ ಕೈಯಲ್ಲೇ ಹಾಕಬೇಕಾಗುತ್ತದೆ. ಭದ್ರತೆಗೆಂದು ಬದಲಾಯಿಸಿ ಕೊನೆಗೆ ಭದ್ರತೆಯೇ ಅನುಮಾನದ್ದಾದರೆ ಏನು ಲಾಭ? ಬರೀ ಬ್ರೌಸರ್, ಪತ್ರ, ಯೂಟ್ಯೂಬ್, ಮಕ್ಕಳ ಪಾಠ ಸಾಕೆನ್ನುವ ಮನೆಗೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಲಿನಕ್ಸ್ ಮಿಂಟ್ 22 ಹೆಚ್ಚು ಪ್ರಾಮಾಣಿಕ ಉತ್ತರ. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ, 4 ಜಿಬಿ ಯಂತ್ರಕ್ಕೆ ‘ಎಕ್ಸ್‌ಎಫ್‌ಸಿಇ’ ಆವೃತ್ತಿ ಹಗುರ. ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಧ್ವನಿ, ಪ್ರಿಂಟರ್ ನೋಡಿದ ಮೇಲೆ ಹಾಕಿಕೊಳ್ಳಬಹುದು. ಕೀಬೋರ್ಡ್ ಪಟ್ಟಿಯಲ್ಲಿ ಕಗಪ (ನುಡಿಯ ಕೀಲಿಮಣೆ) ವಿನ್ಯಾಸವೂ ಇರುವುದರಿಂದ ನುಡಿ ಕಲಿತ ಬೆರಳಿಗೆ ತೊಂದರೆಯಿಲ್ಲ. ಗುಬ್ಬಿ, ನವಿಲು ಫಾಂಟುಗಳು ಉಚಿತ ಪ್ಯಾಕೇಜಿನಲ್ಲಿ ಸಿಗುತ್ತವೆ. ಟ್ಯಾಲಿ, ಡಿಎಸ್‌ಸಿ ಕೆಲಸ ಇರುವವರು ಮಾತ್ರ ಈ ಕಡೆ ಬರಬೇಡಿ. ಎಚ್‌ಪಿ 1020 ಪ್ರಿಂಟರಿಗೆ ಹೆಚ್ಚುವರಿ ಪ್ಲಗಿನ್ ಇಳಿಸಬೇಕು, ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಇರುವ ಕ್ಯಾನನ್ 2900 ಲಿನಕ್ಸ್‌ನಲ್ಲಿ ಸತಾಯಿಸುತ್ತದೆ.

ಕೊನೆಯದಾಗಿ ಲೈಸೆನ್ಸ್. ಕಮಾಂಡ್ ಪ್ರಾಂಪ್ಟಿನಲ್ಲಿ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಕೊಟ್ಟಾಗ ಮನೆ ಯಂತ್ರದಲ್ಲಿ ‘ವಾಲ್ಯೂಮ್ ಕೆಎಂಎಸ್’ ಎಂದು ಬಂದರೆ ಅದು ದೊಡ್ಡ ಸಂಸ್ಥೆಗಳಿಗೆ ಮೀಸಲಾದ ಬಗೆ, ಅಂದರೆ ಯಾರೋ ಆ್ಯಕ್ಟಿವೇಟರ್ (ಲೈಸೆನ್ಸ್ ಇಲ್ಲದೆಯೇ ಅಸಲಿಯಂತೆ ತೋರಿಸುವ ಕಳ್ಳ ಪ್ರೋಗ್ರಾಂ) ಓಡಿಸಿದ್ದಾರೆ. ಆ ಪ್ರೋಗ್ರಾಂ ಓಡಲು ಆಂಟಿವೈರಸ್ ನಿಲ್ಲಿಸಿರುತ್ತಾರೆ, ಅದರ ಜೊತೆ ಇನ್ನೇನು ಒಳಬಂತೋ ಹೇಳುವವರಿಲ್ಲ. ಫಾರ್ಮ್ಯಾಟ್ ನಿಜಕ್ಕೂ ಬೇಕಾಗುವುದು ಇಂಥ ಯಂತ್ರಕ್ಕೆ. ತಮಾಷೆಯೆಂದರೆ ವಿಂಡೋಸ್ ಜೊತೆಗೇ ಮಾರಾಟವಾದ ಎಷ್ಟೋ ಬ್ರಾಂಡೆಡ್ ಲ್ಯಾಪ್‌ಟಾಪಿನ ಬಯಾಸಿನಲ್ಲಿ ಅಸಲಿ ‘ಹೋಮ್’ ಕೀ ಕೂತಿರುತ್ತದೆ, ಮೇಲೆ ಕಳ್ಳ ‘ಪ್ರೊ’ ಹಾಕಿರುತ್ತಾರೆ. ‘ಹೋಮ್’ ಹಾಕಿದರೆ ಅದು ಕೇಳದೆಯೇ ಆ್ಯಕ್ಟಿವೇಟ್ ಆಗುತ್ತದೆ.

ಅಂಗಡಿಗೇ ಕೊಡುವವರು ಬಿಲ್ಲಿನ ಮೇಲೆ ನಾಲ್ಕು ವಿಷಯ ಬರೆಸಿಕೊಳ್ಳಿ: ಅಪ್‌ಗ್ರೇಡ್ ಮಾಡಿದ್ದೋ ಫಾರ್ಮ್ಯಾಟೋ, ಹೋಮ್ ಅಥವಾ ಪ್ರೊ, ಲೈಸೆನ್ಸ್ ಎಲ್ಲಿಯದು, ತಪಾಸಣೆ ದಾಟಿಸಿ ಹಾಕಿದ್ದಾರೆಯೇ. ಇವಿಷ್ಟನ್ನು ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಯಂತ್ರವನ್ನು ವಾಪಸ್ ತನ್ನಿ.

ಇಂತಿ,
ಕಂಪ್ಯೂಟರ್ ದುರಸ್ತಿ ವೃತ್ತಿಯ ಓದುಗರು,
ದಾವಣಗೆರೆ